ಮೊದಲು ಅಗೆದವರು

ಹೋದ ವರ್ಷ ನಮ್ಮ ತಾಲ್ಲೂಕು ಮಟ್ಟದ ರಸಪ್ರಶ್ನೆ ಸ್ಪರ್ಧೆಯಲ್ಲಿ ಒಂದು ಪ್ರಶ್ನೆ ಬಂತು: ಭಾರತದಲ್ಲಿ ಮೊಟ್ಟಮೊದಲು ಮೆಟ್ರೋ ರೈಲು ಓಡಿದ್ದು ಯಾವ ಊರಿನಲ್ಲಿ? ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿ ಎದ್ದು ನಿಂತು, ಅನುಮಾನದ ಎಳೆಯೂ ಇಲ್ಲದ ದನಿಯಲ್ಲಿ ‘ಕಲ್ಕತ್ತ’ ಎಂದಳು. ಪ್ರಶ್ನೆ ಕೇಳುತ್ತಿದ್ದವರು ಕೈಯಲ್ಲಿದ್ದ ಹಾಳೆಯನ್ನೊಮ್ಮೆ ನೋಡಿ, ‘ತಪ್ಪು, ದೆಹಲಿ’ ಎಂದು ಮುಂದಿನ ತಂಡದ ಕಡೆ ತಿರುಗಿದರು. ನಮ್ಮ ಮಕ್ಕಳು ಎರಡೇ ಅಂಕಗಳಲ್ಲಿ ಸೋತರು.

ಚಹಾದ ಬಿಡುವಿನಲ್ಲಿ ನಾನು ಅವರ ಬಳಿ ಹೋಗಿ, ಕಲ್ಕತ್ತದ್ದು 1984, ದೆಹಲಿಯದ್ದು 2002, ನಡುವೆ ಹದಿನೆಂಟು ವರ್ಷಗಳಿವೆ ಎಂದು ವಿನಯವಾಗಿಯೇ ಹೇಳಿದೆ. ಅವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ, ‘ಅದು ಹಳೇ ಕಾಲದ್ದು ಮೇಡಂ, ರೈಲ್ವೆಯವರದ್ದು. ಮೆಟ್ರೋ ಅಂದ್ರೆ ಈಗಿನ ಅರ್ಥದಲ್ಲಿ ದೆಹಲೀದೇ. ಕಲ್ಕತ್ತದ್ದು ಲೆಕ್ಕಕ್ಕಿಲ್ಲ ಬಿಡಿ’ ಎಂದರು.

ತಿಳಿಯದೆ ತಪ್ಪು ಹೇಳಿದ್ದರೆ ನಾನು ಇಷ್ಟೊಂದು ಬರೆಯುತ್ತಿರಲಿಲ್ಲ. ಮೂವತ್ತು ವರ್ಷ ಮೇಷ್ಟ್ರಿಕೆ ಮಾಡಿದವಳಿಗೆ ತಪ್ಪುಗಳೇನು ಹೊಸತೆ? ನನ್ನನ್ನು ಚುಚ್ಚಿದ್ದು ಆ ‘ಲೆಕ್ಕಕ್ಕಿಲ್ಲ’ ಎಂಬ ಮಾತು. ಮೊದಲು ಅಗೆದವನ ಕೈ ಕೆಸರಾಗುತ್ತದೆ, ಅವನು ಎಡವುತ್ತಾನೆ, ನಿಧಾನವಾಗುತ್ತಾನೆ. ಅವನ ಎಡವಟ್ಟುಗಳನ್ನು ನೋಡಿ ಕಲಿತ ಎರಡನೆಯವನು ಸಲೀಸಾಗಿ ದಾಟಿಕೊಂಡು ಹೋಗುತ್ತಾನೆ. ಆಮೇಲೆ ಊರೆಲ್ಲ ಎರಡನೆಯವನಿಗೆ ಹಾರ ಹಾಕಿ, ಮೊದಲನೆಯವನನ್ನು ನೋಡಿ ನಗುತ್ತದೆ. ಕಲ್ಕತ್ತಕ್ಕೆ ಆದದ್ದು ಇದು.

(ಊರಿನ ಹೆಸರು 2001ರಿಂದ ಕೋಲ್ಕತಾ ಎಂದಾಗಿದೆ, ಬಲ್ಲೆ. ನನ್ನ ನಾಲಿಗೆ ಇನ್ನೂ ಕಲ್ಕತ್ತ ಎಂದೇ ಹೊರಳುತ್ತದೆ. ಬೆಂಗಾಲಿಗಳು ಕ್ಷಮಿಸಲಿ.)

1984ರ ಅಕ್ಟೋಬರ್ 24ರಂದು ಎಸ್‌ಪ್ಲನೇಡ್‌ನಿಂದ ಭವಾನಿಪುರದವರೆಗೆ ನೆಲದಡಿಯಲ್ಲಿ ಮೊದಲ ರೈಲು ಓಡಿತು. ದೂರ 3.4 ಕಿ.ಮೀ., ನಿಲ್ದಾಣ ಐದು. ನಾನು ಆಗ ಹೈಸ್ಕೂಲು ವಿದ್ಯಾರ್ಥಿನಿ. ನಮ್ಮ ತಂದೆ ಜಗಲಿಯಲ್ಲಿ ಕೂತು ಪತ್ರಿಕೆಯ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳಿದ್ದು, ಅಜ್ಜಿ ‘ಭೂಮಿತಾಯಿಯ ಹೊಟ್ಟೆ ಒಳಗಾ?’ ಎಂದು ಗಾಬರಿಯಾದದ್ದು ನೆನಪಿದೆ. ಆದರೆ ಆ ಸಂಭ್ರಮ ಉಳಿದದ್ದು ಒಂದೇ ವಾರ. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. 1972ರ ಡಿಸೆಂಬರ್ 29ರಂದು ಈ ರೈಲಿಗೆ ಶಂಕುಸ್ಥಾಪನೆ ಮಾಡಿದ್ದವರು ಅವರೇ. ದೇಶ ದುಃಖ, ದಂಗೆಗಳಲ್ಲಿ ಮುಳುಗಿತು. ಭಾರತದ ಮೊದಲ ಸುರಂಗ ರೈಲಿನ ಸುದ್ದಿ ಆ ಹೊಗೆಯಲ್ಲಿ ಎಲ್ಲಿಯೋ ಹೋಯಿತು. ಮರುವರ್ಷ ರಾಜೀವ್ ಗಾಂಧಿಯವರು ಕಲ್ಕತ್ತವನ್ನು ಸಾಯುತ್ತಿರುವ ನಗರವೆಂದು ಕರೆದರು. ಸಾಯುತ್ತಿದ್ದ ಆ ಊರಿನ ಜನ ಆಗ ನೆಲದ ಕೆಳಗೆ ಹಳಿ ಹಾಸುತ್ತಿದ್ದರು!

‘ಹನ್ನೆರಡು ವರ್ಷ ಅಗೆದು ಮೂರೂವರೆ ಕಿಲೋಮೀಟರಾ?’ ಎಂದು ಆಗಲೂ ನಗುತ್ತಿದ್ದರು, ಈಗಲೂ ನಗುತ್ತಾರೆ. ನಗುವವರು ಆ ನೆಲ ಯಾವ ಬಗೆಯದೆಂದು ಒಮ್ಮೆ ತಿಳಿದುಕೊಳ್ಳಬೇಕು. ಕಲ್ಕತ್ತ ನಿಂತಿರುವುದು ಹೂಗ್ಲಿ ನದಿಯ ಮೆಕ್ಕಲು ಮಣ್ಣಿನ ಮೇಲೆ. ಸ್ವಲ್ಪ ತೋಡಿದರೆ ನೀರು, ಇನ್ನೂ ತೋಡಿದರೆ ಮೆತ್ತನೆಯ ಜೇಡಿ. ನಮ್ಮ ಬೆಂಗಳೂರಿನ ಸುರಂಗ ಕೊರೆಯುವವರಿಗೆ ಕಲ್ಲಿನ ಕಾಟ. ಅವರಿಗೆ ನೀರಿನ ಕಾಟ. ಮೇಲೆ ನೋಡಿದರೆ ಊರಿನ ಒಟ್ಟು ನೆಲದಲ್ಲಿ ನೂರಕ್ಕೆ ನಾಲ್ಕೈದು ಭಾಗ ಮಾತ್ರ ರಸ್ತೆ. ಅದರಲ್ಲೇ ಟ್ರಾಮು, ಬಸ್ಸು, ಕೈರಿಕ್ಷಾ, ಮೆರವಣಿಗೆ, ದುರ್ಗಾಪೂಜೆಯ ಪೆಂಡಾಲು. ಆ ರಸ್ತೆಯನ್ನೇ ಬಗೆಯಬೇಕು, ಊರು ಮಾತ್ರ ನಿಲ್ಲಬಾರದು.

ಅವರು ಮಾಡಿದ ರೀತಿ ನನಗೆ ಬಹಳ ಇಷ್ಟ. ಪಾಠದಲ್ಲಿ ಇಲ್ಲದಿದ್ದರೂ ಕರಿಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಹೇಳುತ್ತೇನೆ. ಮೊದಲು ರಸ್ತೆಯ ಎರಡೂ ಬದಿಗೆ ಕಿರಿದಾದ, ಆಳವಾದ ಕಂದಕ ತೋಡುವುದು. ಮಣ್ಣು ಕುಸಿಯದಂತೆ ಅದರೊಳಗೆ ಬೆಂಟೊನೈಟ್ ಎಂಬ ಜೇಡಿಯ ಗಂಜಿಯನ್ನು ತುಂಬಿಡುವುದು. ಆ ಗಂಜಿಯೊಳಗೇ ಕಬ್ಬಿಣದ ಹಂದರವನ್ನು ಇಳಿಸಿ, ತಳದಿಂದ ಕಾಂಕ್ರೀಟು ಸುರಿಯುತ್ತ ಬಂದರೆ ಗಂಜಿ ಮೇಲಕ್ಕೆ ಉಕ್ಕುತ್ತದೆ, ಗೋಡೆ ಕೆಳಗೆ ನಿಲ್ಲುತ್ತದೆ. ಹೀಗೆ ಎರಡು ಗೋಡೆ ನಿಂತ ಮೇಲೆ, ಅವು ಒಳಕ್ಕೆ ವಾಲದ ಹಾಗೆ ಅಡ್ಡತೊಲೆ ಕೊಡುತ್ತ ನಡುವಿನ ಮಣ್ಣನ್ನು ತೆಗೆಯುವುದು. ತಳ ಹಾಕಿ, ಚಾವಣಿ ಹಾಕಿ, ಮತ್ತೆ ಮಣ್ಣು ಮುಚ್ಚಿ, ಮೇಲೆ ರಸ್ತೆ ಮಾಡುವುದು. ಇದನ್ನು ಮೈದಾನದಲ್ಲಿ ಮಾಡಿದರೆ ಸರಿ; ಒತ್ತೊತ್ತಾಗಿ ಮನೆಗಳಿರುವ ಉತ್ತರ ಕಲ್ಕತ್ತದ ಬೀದಿಗಳಲ್ಲಿ, ಬ್ರಿಟಿಷರ ಕಾಲದ ಇಟ್ಟಿಗೆ ಚರಂಡಿ, ನೀರಿನ ಕೊಳವೆ, ವಿದ್ಯುತ್ ತಂತಿ, ಟೆಲಿಫೋನು ತಂತಿಗಳನ್ನೆಲ್ಲ ಒಂದೊಂದಾಗಿ ಪಕ್ಕಕ್ಕೆ ಸರಿಸಿಕೊಂಡು ಮಾಡಬೇಕಿತ್ತು. ಬೇಲಗಾಛಿಯಿಂದ ಶ್ಯಾಮಬಜಾರಿನ ನಡುವೆ ರೈಲ್ವೆ ಯಾರ್ಡು ಮತ್ತು ಕಾಲುವೆ ಅಡ್ಡ ಬಂದಾಗ ಬಗೆಯುವುದಕ್ಕೇ ಆಗಲಿಲ್ಲ. ಒಳಗೆ ಗಾಳಿಯ ಒತ್ತಡ ಹೆಚ್ಚಿಸಿ, ಆ ಒತ್ತಡದಿಂದ ನೀರನ್ನು ತಡೆದು, ಸುಮಾರು ಒಂದು ಕಿಲೋಮೀಟರು ಕೊರೆದರು. ಅದರೊಳಗೆ ಇಳಿದು ದುಡಿದ ಕೂಲಿಗಳ ಹೆಸರು ಯಾವ ಫಲಕದ ಮೇಲೂ ನನಗೆ ಕಾಣಲಿಲ್ಲ.

ಇನ್ನು ತಡವಾದ ಮಾತು. 1971ರಲ್ಲಿ ಸೋವಿಯತ್ ತಜ್ಞರ ನೆರವಿನಿಂದ ಯೋಜನೆ ಸಿದ್ಧವಾಯಿತು, 1972ರಲ್ಲಿ ಸುಮಾರು 140 ಕೋಟಿಗೆ ಮಂಜೂರಾಯಿತು. ಹಣ ಬರಬೇಕಾದದ್ದು ವರ್ಷ ವರ್ಷದ ಬಜೆಟ್ಟಿನಿಂದ. 1977-78ರವರೆಗೂ ಸಾಕಷ್ಟು ಹಣ ಬರಲಿಲ್ಲ. ಸಿಮೆಂಟು, ಉಕ್ಕು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ನ್ಯಾಯಾಲಯಗಳ ತಡೆಯಾಜ್ಞೆ ಬೇರೆ. ಊರಿನ ನೆಲ ಅಗೆದು ರೈಲು ಮಾಡುವುದಕ್ಕೆ ಬೇಕಾದ ಕಾನೂನೇ ದೇಶದಲ್ಲಿ ಇರಲಿಲ್ಲ. 1978ರಲ್ಲಿ ಅದನ್ನು ಮಾಡಿದ್ದು ಕಲ್ಕತ್ತಕ್ಕಾಗಿ. ಅದೇ ಕಾನೂನನ್ನು ಮುಂದೆ ದೆಹಲಿಗೂ ಬೆಂಗಳೂರಿಗೂ ಹಿಗ್ಗಿಸಿಕೊಂಡರು. ಅರೆಹೊಟ್ಟೆ ಉಣ್ಣಿಸಿ, ಓಟದಲ್ಲಿ ಹಿಂದೆ ಬಿದ್ದೆಯೆಂದು ಮಗುವಿಗೆ ಬೈಯುವ ತಾಯಿಯನ್ನು ನೀವು ಏನೆನ್ನುತ್ತೀರಿ?

ದಮ್‌ದಮ್‌ನಿಂದ ಟಾಲಿಗಂಜ್‌ವರೆಗಿನ 16.45 ಕಿ.ಮೀ. ಪೂರ್ತಿಯಾದದ್ದು 1995ರ ಸೆಪ್ಟೆಂಬರಿನಲ್ಲಿ. ಹೊತ್ತಿಗೆ ಖರ್ಚು ಮೊದಲ ಅಂದಾಜಿನ ಹತ್ತರಷ್ಟನ್ನೂ ಮೀರಿತ್ತು. ಅದೇ 1995ರಲ್ಲಿ ದೆಹಲಿಯ ಮೆಟ್ರೋ ನಿಗಮ ಸ್ಥಾಪನೆಯಾಯಿತು. ಕಲ್ಕತ್ತದ ಕಷ್ಟಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಪ್ರತಿಯೊಂದಕ್ಕೂ ಮದ್ದು ಅರೆದ ಹಾಗಿತ್ತು ಅದು. ರೈಲ್ವೆಯ ಕೈಯಿಂದ ಬಿಡಿಸಿ ಸ್ವತಂತ್ರ ಸಂಸ್ಥೆ; ಕೇಂದ್ರ ಮತ್ತು ದೆಹಲಿ ಸರ್ಕಾರಗಳದ್ದು ಸಮಪಾಲು; ಖರ್ಚಿನ ದೊಡ್ಡ ಪಾಲಿಗೆ ಜಪಾನಿನ ಸಾಲ; ಮುಖ್ಯಸ್ಥರಿಗೆ ಯಾರನ್ನೂ ಕಾಯದೆ ತೀರ್ಮಾನಿಸುವ ಅಧಿಕಾರ. ಆ ಮುಖ್ಯಸ್ಥರು ಯಾರು? ನಮಗೆ ಕೊಂಕಣ ರೈಲ್ವೆಯಿಂದ ಪರಿಚಿತರಾದ ಇ. ಶ್ರೀಧರನ್. 1970ರ ಹೊತ್ತಿಗೆ ಅವರು ಎಲ್ಲಿದ್ದರು? ಕಲ್ಕತ್ತದಲ್ಲಿ, ಇದೇ ಮೆಟ್ರೋದ ಯೋಜನೆ, ವಿನ್ಯಾಸಗಳ ಹೊಣೆ ಹೊತ್ತ ಎಂಜಿನಿಯರಾಗಿ! ಶ್ರೀಧರನ್ನರ ಮೇಲೆ ನನಗೆ ಅಪಾರ ಗೌರವವಿದೆ. ದೆಹಲಿಯವರು 2006ರ ವೇಳೆಗೆ ಸುಮಾರು 65 ಕಿ.ಮೀ. ಮುಗಿಸಿದ್ದು ಸಣ್ಣ ಸಾಧನೆಯೇನಲ್ಲ. ಆದರೆ ಕಲಿತ ಶಾಲೆಯನ್ನೇ ಲೆಕ್ಕಕ್ಕಿಲ್ಲ ಎನ್ನುವ ವಿದ್ಯಾರ್ಥಿಯನ್ನು ನಾನಂತೂ ಪಾಸು ಮಾಡುವುದಿಲ್ಲ.

ಕನ್ನಡಿಗರು ಈ ನಗೆಯಲ್ಲಿ ಸೇರಿಕೊಂಡರೆ ನನಗೆ ಇನ್ನಷ್ಟು ಸಂಕಟ. ಕಲ್ಕತ್ತದ ಮೊದಲ ರೈಲುಗಳ ಬೋಗಿ ತಯಾರಾದದ್ದು ಮದರಾಸಿನ ಪೆರಂಬೂರಿನಲ್ಲಿ. ಅವುಗಳ ವಿದ್ಯುತ್ ಸಾಮಗ್ರಿ ಬೆಂಗಳೂರಿನ ಎನ್‌ಜಿಇಎಫ್‌ನಲ್ಲಿ. ಬೈಯಪ್ಪನಹಳ್ಳಿಯ ಬಳಿ ಇದ್ದ ಆ ಕಾರ್ಖಾನೆ ಮುಚ್ಚಿಹೋಯಿತು. 2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋದ ಮೊದಲ ಹಾದಿ ತೆರೆದಾಗ ಅದರ ಒಂದು ತುದಿ ಬೈಯಪ್ಪನಹಳ್ಳಿಯೇ. ಅಂದು ಬಾವುಟ ಬೀಸಿದವರಲ್ಲಿ ಎಷ್ಟು ಮಂದಿಗೆ, ಇಪ್ಪತ್ತೇಳು ವರ್ಷದ ಹಿಂದೆ ಈ ನೆರೆಯಲ್ಲೇ ದುಡಿದವರು ದೇಶದ ಮೊದಲ ಮೆಟ್ರೋವನ್ನು ಓಡಿಸಿದ್ದರೆಂಬುದು ನೆನಪಿತ್ತೋ! ಈಗ ಹೂಗ್ಲಿಯ ಅಡಿಯಲ್ಲಿ ಓಡುವ ರೈಲುಗಳು ಕೂಡ ಬೆಂಗಳೂರಿನ ಬಿಇಎಂಎಲ್‌ನವರು ಕಟ್ಟಿದವು.

ಹಾಗೆಂದು ನಾನು ಕಲ್ಕತ್ತದ ವಕಾಲತ್ತು ವಹಿಸಿ ಎಲ್ಲವನ್ನೂ ಒಪ್ಪುವವಳಲ್ಲ. ಎರಡು ತುದಿಗಳಿಂದ ಬೇರೆಬೇರೆಯಾಗಿ ಅಗೆದು, ದಮ್‌ದಮ್-ಬೇಲಗಾಛಿ ನಡುವೆ 1984ರ ನವೆಂಬರಿನಲ್ಲಿ ಎರಡು ಕಿಲೋಮೀಟರಿನ ಒಂದು ತುಂಡು ರೈಲು ಬಿಟ್ಟರು. ಜನ ಹತ್ತಲಿಲ್ಲ, 1992ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದಕ್ಕಿಂತ ದೊಡ್ಡ ತಪ್ಪು, 1995ರಿಂದ 2009ರವರೆಗೆ ಒಂದು ಗೇಣೂ ಮುಂದಕ್ಕೆ ಹೋಗದೆ ಕೂತದ್ದು. 1971ರ ಯೋಜನೆಯಲ್ಲಿ ಐದು ಮಾರ್ಗಗಳಿದ್ದವು. ಒಂದನ್ನು ಮುಗಿಸಿ ಉಸ್ಸೆಂದು ಮಲಗಿದರು. ಕೈ ಪಳಗಿದ ಎಂಜಿನಿಯರುಗಳು, ಮೇಸ್ತ್ರಿಗಳು ಚದುರಿಹೋದರು. ಅಗೆಯುತ್ತಿದ್ದಾಗ ನಕ್ಕವರು, ಅಗೆಯುವುದನ್ನು ನಿಲ್ಲಿಸಿದಾಗ ಯಾಕೆಂದು ಕೇಳಲಿಲ್ಲ. ಆಮೇಲೆ ಟಾಲಿಗಂಜ್‌ನ ಆಚೆಗೆ ಕಂಬಗಳ ಮೇಲೆ ಹಾದಿ ಬೆಳೆಯಿತು. 2010ರಲ್ಲಿ ತೆರೆದ ಕೊನೆಯ ನಿಲ್ದಾಣ ಕವಿ ಸುಭಾಷ್‌ನ ಕಂಬಗಳಲ್ಲಿ ಬಿರುಕು ಕಂಡು 2025ರ ಜುಲೈ 28ರಂದು ಅದನ್ನು ಮುಚ್ಚಿದರು. ಹದಿನೈದು ವರ್ಷದ ಕಟ್ಟಡ ಬಿರಿಯಿತು. ಲೆಕ್ಕಕ್ಕಿಲ್ಲದ ಮುದುಕಿ, ಎಸ್‌ಪ್ಲನೇಡ್‌ನ ಕೆಳಗಿನ ಆ ಹಳೆಯ ಸುರಂಗ, ಲಕ್ಷಾಂತರ ಜನರನ್ನು ಹೊರುತ್ತಲೇ ಇದೆ.

2024ರ ಡಿಸೆಂಬರಿನಲ್ಲಿ ನಾವು ನಾಲ್ವರು ಶಿಕ್ಷಕಿಯರು ಕಲ್ಕತ್ತ ನೋಡಲು ಹೋಗಿದ್ದೆವು. ಉಳಿದವರಿಗೆ ಕಾಳಿಘಾಟ್, ದಕ್ಷಿಣೇಶ್ವರ, ಸೀರೆ. ನನಗೆ ಇವುಗಳ ಜೊತೆಗೆ ಮೆಟ್ರೋ. ಎಸ್‌ಪ್ಲನೇಡ್‌ನಿಂದ ಪಾರ್ಕ್ ಸ್ಟ್ರೀಟಿಗೆ ಐದು ರೂಪಾಯಿ ಕೊಟ್ಟೆ. ‘ಒಂದು ಕಡೆಗಾ, ಎರಡೂ ಕಡೆಗಾ?’ ಎಂದು ಗೆಳತಿ ಕೇಳಿದಳು, ಅವಳಿಗೆ ನಂಬಿಕೆಯೇ ಬರಲಿಲ್ಲ. ಉತ್ತರದ ತುದಿ ದಕ್ಷಿಣೇಶ್ವರದಿಂದ ದಕ್ಷಿಣದ ತುದಿಯವರೆಗೆ ಸುಮಾರು 31 ಕಿ.ಮೀ.ಗೆ ಆಗ ಇಪ್ಪತ್ತೈದು ರೂಪಾಯಿ. ರೈಲಿನಲ್ಲಿ ಮೀನಿನ ಬುಟ್ಟಿಯಿಲ್ಲ ಎಂಬುದೊಂದನ್ನು ಬಿಟ್ಟರೆ ಇಡೀ ಊರೇ ಇತ್ತು: ಮನೆಗೆಲಸದ ಹೆಂಗಸರು, ಟ್ಯೂಷನ್ನಿಗೆ ಹೊರಟ ಹುಡುಗರು, ಮಡಿಕೆ ಬಿದ್ದ ಧೋತಿಯ ಮುದುಕರು. ರವೀಂದ್ರ ಸದನದ ಗೋಡೆಯ ಮೇಲೆ ಠಾಕೂರರ ಕೈಬರಹ, ಅವರು ಬರೆದ ಚಿತ್ರಗಳು. ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಮನೆಯ ದೇವರ ಪಟವನ್ನು ಯಾರು ದಿನವೂ ನಿಂತು ನೋಡುತ್ತಾರೆ?

ನಾವು ಊರಿಗೆ ಮರಳಿದ ಎರಡು ತಿಂಗಳಿಗೆ, 2025ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನ ಮೆಟ್ರೋ ತನ್ನ ಗರಿಷ್ಠ ದರವನ್ನು 60 ರೂಪಾಯಿಯಿಂದ 90ಕ್ಕೆ ಏರಿಸಿತು. ಸಾಲ ತೀರಿಸಬೇಕು, ನಷ್ಟ ತುಂಬಬೇಕು ಎಂದು ಸಮರ್ಥಿಸುವವರು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ. ಕಲ್ಕತ್ತದ್ದು ರೈಲ್ವೆಯ ಕೂಸು, ಗಳಿಸುವುದಕ್ಕಿಂತ ಖರ್ಚು ಹೆಚ್ಚು, ಅದನ್ನು ದೇಶವೆಲ್ಲ ಹೊರಬೇಕು ಎಂದು ಅವರ ದೂರು. ಹೊರಲಿ! ರಸ್ತೆಗೆ ಡಾಂಬರು ಹಾಕಿದಾಗ ಅದು ಎಷ್ಟು ಗಳಿಸಿತೆಂದು ಯಾರಾದರೂ ಕೇಳುತ್ತಾರೆಯೆ? ಮೇಲ್ಸೇತುವೆಗೆ ನಷ್ಟವೆಂಬುದುಂಟೆ? ಕಾರಿನವನ ದಾರಿ ಅಭಿವೃದ್ಧಿ, ಕೂಲಿಯವಳ ದಾರಿ ನಷ್ಟ. ಹತ್ತು ಮಕ್ಕಳಿರುವ ಸರ್ಕಾರಿ ಶಾಲೆಯನ್ನು ‘ಲಾಭದಾಯಕವಲ್ಲ’ ಎಂದು ಮುಚ್ಚುವ ಲೆಕ್ಕವೂ ಇದೇ ಪೆನ್ಸಿಲಿನಿಂದ ಬರೆದದ್ದು. ದಿನಕ್ಕೆ ಐನೂರು ರೂಪಾಯಿ ದುಡಿಯುವ ಹೆಂಗಸು ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಬರಲು ನೂರೆಂಬತ್ತು ಕೊಟ್ಟು ತಣ್ಣನೆಯ ಬೋಗಿಯಲ್ಲಿ ಕೂರುತ್ತಾಳೆಯೆ? ಅವಳು ಬಸ್ಸಿನಲ್ಲಿ ಎರಡು ಗಂಟೆ ನಿಂತೇ ಹೋಗುತ್ತಾಳೆ. ಅವಳ ಬೀದಿಯ ಅಡಿಯಲ್ಲಿ ರೈಲು ಹೋಗುವುದು ಅವಳಿಗೆ ಕಂಪನದಿಂದ ಮಾತ್ರ ಗೊತ್ತಾಗುತ್ತದೆ.

ಕಲ್ಕತ್ತದಲ್ಲಿ ನಾನು ನೋಡಬೇಕೆಂದು ಹೋದ ಇನ್ನೊಂದು ಜಾಗ ಬೌಬಜಾರ್. ಹೊಸ ಮಾರ್ಗ ಹೌರಾದಿಂದ ಹೂಗ್ಲಿಯನ್ನು ಅಡಿಯಲ್ಲೇ ದಾಟಿ ಸಾಲ್ಟ್ ಲೇಕಿಗೆ ಹೋಗುತ್ತದೆ. ನದಿಯ ಕೆಳಗೆ ಸುರಂಗ ಸುಮಾರು 520 ಮೀಟರು. ರೈಲಿಗೆ ಮುಕ್ಕಾಲು ನಿಮಿಷ. 2024ರ ಮಾರ್ಚಿನಲ್ಲಿ ಅದು ತೆರೆದಾಗ ಪತ್ರಿಕೆಗಳೆಲ್ಲ ಆ ಮುಕ್ಕಾಲು ನಿಮಿಷವನ್ನು ಕೊಂಡಾಡಿದವು. ನದಿ ದಾಟುವುದು ಸುಸೂತ್ರವಾಗಿಯೇ ಆಗಿತ್ತು. ಅನಾಹುತವಾದದ್ದು ನದಿ ದಾಟಿ ಊರೊಳಗೆ ಬಂದ ಮೇಲೆ. 2019ರ ಆಗಸ್ಟ್ 31ರಂದು ಚಂಡಿ ಎಂದು ಹೆಸರಿಟ್ಟಿದ್ದ ಕೊರೆಯುವ ಯಂತ್ರ ಬೌಬಜಾರಿನ ಅಡಿಯಲ್ಲಿ ನೀರಿನ ಪದರವೊಂದಕ್ಕೆ ತಗುಲಿತು. ನೀರು ಮಣ್ಣನ್ನು ಹೊತ್ತುಕೊಂಡು ಸುರಂಗದೊಳಗೆ ನುಗ್ಗಿತು. ಮೇಲಿನ ನೆಲ ಕುಸಿಯಿತು. ದುರ್ಗಾ ಪಿತುರಿ ಲೇನ್, ಸ್ಯಾಕ್ರಾಪಾಡಾ ಲೇನ್‌ಗಳ ಹಳೆಯ ಮನೆಗಳು ಬಿರಿದವು, ಕೆಲವು ಬಿದ್ದವು. ನೂರಾರು ಜನರನ್ನು ಉಟ್ಟ ಬಟ್ಟೆಯಲ್ಲಿ ಎಬ್ಬಿಸಿ ಹೋಟೆಲುಗಳಿಗೆ ಕಳಿಸಿದರು. ಸ್ಯಾಕ್ರಾ ಎಂದರೆ ಅಕ್ಕಸಾಲಿಗ. ತಲೆಮಾರುಗಳಿಂದ ಮನೆಯ ಕೆಳಗೆ ಕುಲುಮೆ, ಮೇಲೆ ಸಂಸಾರ ಇಟ್ಟುಕೊಂಡ ಜನ ಅವರು. 2022ರ ಮೇ ತಿಂಗಳಲ್ಲಿ ಮತ್ತೆ ಬಿರುಕು. ಅದೇ ವರ್ಷ ಅಕ್ಟೋಬರಿನಲ್ಲಿ ಮಗದೊಮ್ಮೆ, ಪಕ್ಕದ ಮದನ್ ದತ್ತ ಲೇನಿನಲ್ಲಿ.

ನಾವು ಹೋದಾಗ ಒಂದು ಗಲ್ಲಿಯ ಬಾಯಿಗೆ ತಗಡು ಅಡ್ಡ ಇತ್ತು. ತಗಡಿನ ಸಂದಿಯಿಂದ ನೋಡುತ್ತಿದ್ದ ನನ್ನನ್ನು ಎದುರಿನ ಅಂಗಡಿಯ ವೃದ್ಧರೊಬ್ಬರು ಕರೆದು ಸ್ಟೂಲು ಕೊಟ್ಟರು. ನನ್ನ ಹಿಂದಿ ಅಷ್ಟಕ್ಕಷ್ಟೆ, ಅವರದೂ ಅಷ್ಟೆ. ಪರಿಹಾರವೆಂದು ಕುಟುಂಬಕ್ಕೆ ಐದು ಲಕ್ಷ ಕೊಟ್ಟದ್ದನ್ನು ಹೇಳಿದರು. ಗಿರಾಕಿ ಹೋದರೆ ಅದಕ್ಕೆ ಯಾರು ಬೆಲೆ ಕಟ್ಟುತ್ತಾರೆ, ದೀದಿ, ಎಂದರು. ಆಮೇಲೆ ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ. ಅವರು ಹುಡುಗನಾಗಿದ್ದಾಗ ಹತ್ತಿರದ ದೊಡ್ಡ ರಸ್ತೆಯನ್ನು ವರ್ಷಗಟ್ಟಲೆ ಬಗೆದಿದ್ದರಂತೆ. ಹಲಗೆಯ ಮೇಲೆ ನಡೆಯಬೇಕು, ಮಳೆಗಾಲದಲ್ಲಿ ಮೊಣಕಾಲು ಕೆಸರು. ಎಲ್ಲರೂ ಸರ್ಕಾರಕ್ಕೆ ಶಾಪ ಹಾಕುತ್ತಿದ್ದರು. ‘ಆಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಷ್ಟ. ಈಗ ಯಾರಿಗೂ ಏನೂ ಕಾಣಲಿಲ್ಲ, ನಮ್ಮ ಮನೆ ಹೋಯಿತು.’

ಹಳೆಯ ಅಗೆತ ಕುರೂಪವಾಗಿತ್ತು, ನಿಜ. ಆದರೆ ಅದರ ಕಷ್ಟ ಹಾಡಹಗಲಲ್ಲಿ, ಸಾಹೇಬರ ಕಾರನ್ನೂ ತಡೆದು ನಿಂತಿತ್ತು. ಅದಕ್ಕೇ ಅಷ್ಟು ನಗೆ, ಅಷ್ಟು ಗದ್ದಲ. ಹೊಸ ಅಗೆತ ಅಂದವಾಗಿದೆ. ಮೇಲೆ ಮಾಲುಗಳು ತೆರೆದಿರುತ್ತವೆ, ಕಾರುಗಳು ಓಡುತ್ತಿರುತ್ತವೆ. ಕಷ್ಟವೆಲ್ಲ ಸೋಸಿ ಸೋಸಿ ನಾಲ್ಕು ಗಲ್ಲಿಯವರ ತಲೆಯ ಮೇಲೆ ಇಳಿಯುತ್ತದೆ. ನಮ್ಮಲ್ಲೂ ನೋಡಲಿಲ್ಲವೆ? 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೋ ಕಂಬದ ಕಬ್ಬಿಣದ ಹಂದರ ಉರುಳಿ, ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆಯ ಮಗು ಸತ್ತರು. ಎರಡು ದಿನ ಚರ್ಚೆ, ಮೂರನೆಯ ದಿನ ‘ಕಾಮಗಾರಿ ಯಾವಾಗ ಮುಗಿಯುತ್ತದೆ?’ ಬೌಬಜಾರಿನ ಅಡಿಯ ಆ ತುಂಡು, ಸೀಯಾಲದಾದಿಂದ ಎಸ್‌ಪ್ಲನೇಡ್‌ವರೆಗೆ, 2025ರ ಆಗಸ್ಟ್ 22ರಂದು ತೆರೆಯಿತು. ನಮ್ಮ ಟೀವಿಯಲ್ಲಿ ನಾನು ಕಂಡಷ್ಟು ಹೊತ್ತು ರಿಬ್ಬನ್ನು, ಹಾರ, ಸೆಲ್ಫಿ. ತಗಡಿನ ಹಿಂದಿನ ಗಲ್ಲಿಯನ್ನು ತೋರಿಸಿದ್ದು ನಾನು ಕಾಣಲಿಲ್ಲ. ಅವರೂ ಲೆಕ್ಕಕ್ಕಿಲ್ಲ.

ರಸಪ್ರಶ್ನೆ ನಡೆಸಿದವರಿಗೆ ನಾನು ದಿನಾಂಕ, ಇಸವಿಗಳೊಡನೆ ಎರಡು ಪುಟದ ಪತ್ರ ಬರೆದೆ. ಉತ್ತರ ಬಂದಿಲ್ಲ. ಮೊನ್ನೆ ಆ ಹುಡುಗಿ, ಈಗ ಹತ್ತನೆಯ ತರಗತಿ, ಸಾಮಾನ್ಯಜ್ಞಾನದ ಪುಸ್ತಕವೊಂದನ್ನು ಹಿಡಿದುಕೊಂಡು ಬಂದಳು. ‘ಮಿಸ್, ಇದರಲ್ಲೂ ದೆಹಲಿ ಅಂತಲೇ ಇದೆ. ಪರೀಕ್ಷೇಲಿ ಬಂದ್ರೆ ಯಾವುದು ಬರೀಲಿ?’

‘ಕಲ್ಕತ್ತ ಅಂತಲೇ ಬರಿ, ಇಸವೀನೂ ಬರಿ. ಅಂಕ ಕೊಡದಿದ್ರೆ ನಾನು ಬಂದು ಜಗಳ ಆಡ್ತೀನಿ’ ಎಂದೆ. ಅವಳು ಪುಸ್ತಕದಲ್ಲಿದ್ದ ಉತ್ತರವನ್ನು ಪೆನ್ಸಿಲಿನಿಂದ ಹೊಡೆದುಹಾಕಿ, ಪಕ್ಕದಲ್ಲಿ 1984 ಎಂದು ಬರೆದು, ಪುಸ್ತಕ ಲೈಬ್ರರಿಯದ್ದೆಂದು ನೆನಪಾಗಿ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.